ಕೆಂಪಿನಲ್ಲಿ ಬರೆದ ಹೆಸರು

ಆ ಹೆಂಗಸು ನನ್ನನ್ನು ಕೈಗೆತ್ತಿಕೊಂಡಾಗ ಅವಳ ಬುಟ್ಟಿ ಅರ್ಧ ಮುಗಿದಿತ್ತು. ಎಡಗಡೆ ಇನ್ನೂ ನೋಡದ ಲೇಖನಿಗಳು, ಬಲಗಡೆ ನೋಡಿ ಒಪ್ಪಿದವು, ಕಾಲಬುಡದ ತಗಡಿನ ಡಬ್ಬಿಯಲ್ಲಿ ಒಪ್ಪದವು. ಒಂದೊಂದನ್ನೂ ಮಸಿಯಲ್ಲಿ ಅದ್ದಿ, ಒರಟು ಕಾಗದದ ಮೇಲೆ ಒಂದು ಅಡ್ಡಗೆರೆ ಎಳೆದು, ಹುಬ್ಬು ಗಂಟಿಕ್ಕಿ ನೋಡುವುದು ಅವಳ ಕೆಲಸ. ನಾನು ಎಳೆದ ಗೆರೆಯನ್ನು ಅವಳು ನಂಬಲಿಲ್ಲ. ಇನ್ನೊಂದು ಎಳೆದಳು. ನಿಬ್ಬನ್ನು ಬೆಳಕಿಗೆ ಹಿಡಿದು ತಿರುಗಿಸಿದಳು, ಉಗುರಿನ ಮೇಲೆ ಒತ್ತಿ ನೋಡಿದಳು. ಕೊನೆಗೆ ಬಲಗಡೆಗೆ ಹಾಕಿದಳು. ಹಾಕಿದ ಮೇಲೂ ಒಮ್ಮೆ ತಿರುಗಿ ನನ್ನತ್ತ ನೋಡಿದಳು.

ನಾನು ಒಂದು ಲೇಖನಿ. ಹುಟ್ಟಿದ್ದು ಶಾಂಘಾಯಿಯ ಒಂದು ಕಾರ್ಖಾನೆಯಲ್ಲಿ. ಮೈ ಕಡುಹಸಿರು, ನಿಬ್ಬು ಮುಸುಕಿನೊಳಗೆ ಅಡಗಿ ತುದಿಯಷ್ಟೇ ಕಾಣುತ್ತದೆ. ಹುಟ್ಟಿದ ಗಳಿಗೆಯಲ್ಲೇ ಅನುಮಾನದ ಕಣ್ಣು ಬಿದ್ದದ್ದರಿಂದಲೋ ಏನೋ, ನನಗೂ ಯಾರನ್ನೂ ಬೇಗ ನಂಬುವ ಸ್ವಭಾವವಿಲ್ಲ. ಮನುಷ್ಯರ ಮಾತಿಗಿಂತ ಅವರ ಬೆರಳಿನ ಒತ್ತಡದಿಂದಲೇ ಅವರನ್ನು ತಿಳಿದುಕೊಂಡು ಬಂದಿದ್ದೇನೆ.

ಹಡಗಿನಲ್ಲಿ ಕೊಲ್ಕತ್ತೆಗೆ ಬಂದೆ. ಅಲ್ಲಿ ಚುಂಗ್ ಎಂಬ ಚೀನೀ ತರುಣ ನನ್ನನ್ನು ಕೊಂಡ. ಅವನು ಹುಬ್ಬಳ್ಳಿಯಲ್ಲಿ ಹಲ್ಲು ಕಟ್ಟುವ ಅಂಗಡಿ ಇಟ್ಟಿದ್ದ. ಕೊಲ್ಕತ್ತೆಗೆ ಬಂದದ್ದು ಮದುವೆಯಾಗಲು. ಮರಳುವಾಗ ಹೆಂಡತಿಯನ್ನೂ ನನ್ನನ್ನೂ ಒಂದೇ ರೈಲಿನಲ್ಲಿ ಕರೆದುಕೊಂಡು ಬಂದ. ಅವಳ ಹೆಸರಿನ ಕೊನೆಯ ಅಕ್ಷರ ಮೋಯ್. ದುರ್ಗದಬೈಲಿನ ಹಿಂದಿನ ಓಣಿಯ ಜನ ಅದಕ್ಕೆ ತಮ್ಮ ಅವ್ವನನ್ನು ಸೇರಿಸಿ ಮೋಯವ್ವ ಎಂದು ಕರೆದರು. ಅವಳೂ ಓ ಎಂದಳು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಗಂಡಹೆಂಡತಿ ಇಬ್ಬರೂ ಗೆರೆ ಎಳೆಯುತ್ತಿದ್ದರು. ಅವರ ಅಕ್ಷರಗಳೆಲ್ಲ ಕೆಲವೇ ಗೆರೆಗಳಿಂದ ಕಟ್ಟಿದ ಮನೆಗಳು. ಗೆರೆ ಬಿದ್ದುಹೋದರೆ ಮನೆ ಬಿತ್ತು. ಹಾಗಾಗಿ ಅಕ್ಷರ ಬಲ್ಲವರೂ ದಿನಾ ಬರಿ ಗೆರೆ ಬರೆದು ಕೈ ಪಳಗಿಸಿಕೊಳ್ಳುತ್ತಾರೆ. ಚುಂಗ್‌ನ ಕೈ ಗಟ್ಟಿ, ಮೋಯವ್ವನ ಕೈ ನಯ. ನನಗೆ ಅವಳದೇ ಹಿಡಿಸಿತ್ತು.

ಚೀನಾ ಗಡಿಯಲ್ಲಿ ಯುದ್ಧವಾದ ವರ್ಷ ಒಬ್ಬ ಅಧಿಕಾರಿ ಅಂಗಡಿಗೆ ಬಂದ. ನನ್ನ ತಿರುಪು ಬಿಚ್ಚಿ ಹೊಟ್ಟೆಯೊಳಗೆ ಇಣುಕಿದ. ಅಭ್ಯಾಸದ ಹಾಳೆಗಳನ್ನೆಲ್ಲ ಕಟ್ಟಿಸಿಕೊಂಡ. ಒಂದೇ ಗೆರೆಯನ್ನು ಸಾಲುಸಾಲಾಗಿ ಬರೆದಿದ್ದರ ಅರ್ಥವೇನೆಂದು ಕೇಳಿದ. ಅರ್ಥವಿಲ್ಲ, ಕೈ ಕೂರಿಸಿಕೊಳ್ಳಲು ಬರೆದದ್ದು ಎಂದು ಚುಂಗ್ ಹೇಳಿದಷ್ಟೂ ಅವನಿಗೆ ಗುಮಾನಿ ಹೆಚ್ಚಾಯಿತು. ಹಾಳೆಗಳು ಹೋದವು. ಅವನ ಕಣ್ಣಿಗೆ ಬೀಳದೆ ಉಳಿದ ಗಂಡನ ಒಂದು ಹಾಳೆಯಲ್ಲಿ ಸುತ್ತಿ ನನ್ನನ್ನು ಮೋಯವ್ವ ಹಲ್ಲಿನ ಅಚ್ಚಿಗೆ ಬಳಸುವ ಬಿಳಿಪುಡಿಯ ಡಬ್ಬಿಯೊಳಗೆ ಹೂತಿಟ್ಟಳು. ಅಲ್ಲಿ ವರ್ಷಗಟ್ಟಲೆ ಮಲಗಿದ್ದೆ. ಒಮ್ಮೊಮ್ಮೆ ಮುಚ್ಚಳ ತೆರೆದು ಅವಳು ಪುಡಿಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಯಾರೋ ಮೆಟ್ಟಿಲು ಹತ್ತಿದರೆ ಸಾಕು, ಅಂಗೈಯಿಂದ ಸವರಿಬಿಡುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಅವರ ಬರವಣಿಗೆ ಆ ಡಬ್ಬಿಯಿಂದ ಹೊರಗೆ ಹೋಗಲೇ ಇಲ್ಲ.

ಚುಂಗ್ ತೀರಿಕೊಂಡಾಗ ಅವಳು ನನ್ನನ್ನು ಹೊರತೆಗೆದು ತೊಳೆದಳು. ಕಲ್ಲು ಕೆತ್ತುವವನಿಗೆ ಹೆಸರು ಬರೆದುಕೊಡಬೇಕಿತ್ತು. ಗಂಡನ ಹೆಸರು ಬರೆದಳು. ಪಕ್ಕದಲ್ಲಿ ತನ್ನದನ್ನೂ ಬರೆದಳು. ಬದುಕಿರುವವಳು ಸಮಾಧಿಯ ಕಲ್ಲಿಗೆ ತನ್ನ ಹೆಸರನ್ನೇಕೆ ಕೊಡುತ್ತಿದ್ದಾಳೆಂದು ನನಗೆ ಅನುಮಾನ ಬಂತು. ಅವಳು ನನಗೆ ಕಾರಣ ಹೇಳುವವಳಲ್ಲ. ಮುಂದೆ ವಯಸ್ಸಾಗಿ ಅವಳ ಕೈ ನಡುಗಲು ಶುರುವಾಯಿತು.

ಕಸ್ತೂರಿ ಬಂದದ್ದು ಆಗ. ಓಣಿಯ ಆಚೆ ಬದಿಯಲ್ಲಿ ಮನೆಯಲ್ಲೇ ಮಷಿನ್ನು ಇಟ್ಟುಕೊಂಡು ರವಿಕೆ ಹೊಲಿಯುವವಳು. ನಲವತ್ತು ದಾಟಿದವಳು. ಮೋಯವ್ವ ತೊಡುತ್ತಿದ್ದ ಸಡಿಲ ಅಂಗಿಯ ಅಳತೆಗೆಂದು ಬಂದವಳು, ಮೇಜಿನ ಮೇಲಿದ್ದ ಹಳೆಯ ಹಾಳೆಯೊಂದನ್ನು ನೋಡುತ್ತ ಟೇಪನ್ನು ಮರೆತು ನಿಂತಳು. ಇಷ್ಟು ಸೀದಾ ಗೆರೆ ಹೇಗೆ ಎಳೆಯುತ್ತೀರಿ ಎಂದು ಕೇಳಿದಳು. ಮೋಯವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಗೆರೆಯ ಬಗೆಗಿನ ಪ್ರಶ್ನೆಯನ್ನು ಅವಳು ಹಿಂದೆ ಆ ಅಧಿಕಾರಿಯ ಬಾಯಲ್ಲಿ ಕೇಳಿದ್ದಳು. ಆ ದಿನ ಅಳತೆ ಕೊಟ್ಟು ಕಳಿಸಿದಳು. ಅಂಗಿ ಹೊಲಿದು ತಂದ ದಿನ, ಕೂಡು ಎಂದಳು.

ಮೊದಲು ಗೆರೆ ಎಳೆಯಲೇ ಬಿಡಲಿಲ್ಲ. ಹಿಡಿಯುವುದನ್ನು ಕಲಿಸಿದಳು. ಹೆಬ್ಬೆರಳು ತೋರುಬೆರಳು ನನ್ನನ್ನು ಹಿಡಿಯಬೇಕು, ನಡುಬೆರಳು ಕೆಳಗಿನಿಂದ ಆನಿಸಿಕೊಡಬೇಕು, ನನ್ನ ಬೆನ್ನು ತೋರುಬೆರಳಿನ ಬುಡಕ್ಕೆ ಒರಗಬೇಕು. ಅಂಗೈಯೊಳಗೆ ಒಂದು ನಿಂಬೆಹಣ್ಣು ಕೂರುವಷ್ಟು ಜಾಗ ಬಿಡಬೇಕು. ಕಸ್ತೂರಿ ಕತ್ತರಿ ಹಿಡಿಯುವ ಹಾಗೆ ನನ್ನ ಕತ್ತು ಹಿಸುಕಿದಳು. ಈ ಹೆಂಗಸಿಗೆ ನಾನು ಒಗ್ಗುವುದಿಲ್ಲ ಎಂದುಕೊಂಡೆ.

ಆಮೇಲೆ ಅಡ್ಡಗೆರೆ. ಶುರುವಿಗೆ ಒತ್ತು, ಹಗುರಾಗಿ ಸಾಗು, ಕೊನೆಗೆ ನಿಂತು ಮತ್ತೆ ಒತ್ತಿ ಎತ್ತು. ಬಲಕ್ಕೆ ಹೋಗುತ್ತ ಕೂದಲೆಳೆಯಷ್ಟು ಮೇಲೇರಬೇಕು; ಪೂರ್ತಿ ಮಟ್ಟವಾದರೆ ಗೆರೆ ಮಲಗಿಬಿಡುತ್ತದೆ. ಕಸ್ತೂರಿ ನೋಡಿ, "ಇದು ಹೊಲಗಿ ಇದ್ದಂಗ ಆತಲ್ರೀ ಅವ್ವಾರ. ಶುರುವಿಗೊಂದು ಗಂಟು, ಕಡೀಕೊಂದು ಗಂಟು, ನಡುವ ಓಟ" ಎಂದಳು. ಮೋಯವ್ವ ಅವಳ ಮುಂದೆ ನಕ್ಕದ್ದು ಅದೇ ಮೊದಲು.

ಆದರೆ ಕನ್ನಡ ಬರೆದು ಬೆಳೆದ ಕೈ ಅದು. ಕೊನೆಗೆ ನಿಲ್ಲು ಎಂದರೆ ನಿಲ್ಲದು. ಮೇಲಕ್ಕೆ ಸುತ್ತಿ ಒಂದು ತಲಕಟ್ಟು ಹಾಕಿಯೇ ಬಿಡುತ್ತಿತ್ತು. ನೆಟ್ಟಗೆರೆ ಎಳೆದರೆ ಹೊಟ್ಟೆ ಬರುತ್ತಿತ್ತು. "ನಿನ್ನ ಗೆರಿ ಎಲ್ಲಾ ಬಾಲ ಎತ್ತಿಕೊಂಡು ನಿಂತಾವು ನೋಡು" ಎಂದು ಮೋಯವ್ವ ಬೈಯುತ್ತಿದ್ದಳು. ಬೈದು, ತನ್ನ ಕೈಯನ್ನು ಅವಳ ಕೈಯ ಮೇಲಿಟ್ಟು ನಡೆಸುತ್ತಿದ್ದಳು. ಒಂಟಿಯಾಗಿ ನಡುಗುವ ಆ ಮುದಿಕೈ ಇನ್ನೊಂದು ಕೈಯ ಮೇಲೆ ಕೂತಾಗ ನಡುಗುತ್ತಿರಲಿಲ್ಲ. ಇದು ನನಗೊಬ್ಬನಿಗೇ ಗೊತ್ತಿದ್ದ ಸಂಗತಿ.

ನೆಟ್ಟಗೆರೆಗೆ ಎರಡು ಕೊನೆ. ಸಾಗುತ್ತಲೇ ಎತ್ತಿದರೆ ನೇತುಬಿಟ್ಟ ಸೂಜಿಯ ಹಾಗೆ ಚೂಪು, ನಿಂತು ಒತ್ತಿದರೆ ಹನಿಯ ಹಾಗೆ ದುಂಡು. ಎಡಕ್ಕೆ ಇಳಿಯುವ ಗೆರೆಗೆ ತಲೆಯಲ್ಲಿ ಒತ್ತಿ, ಆಮೇಲೆ ಹಿಂದುಮುಂದು ನೋಡದೆ ಬೀಸಿಬಿಡಬೇಕು. ಅಳುಕಿದರೆ ಅಳುಕು ಕಾಗದದ ಮೇಲೆ ಬೀಳುತ್ತದೆ. ಬಲಕ್ಕೆ ಇಳಿಯುವ ಗೆರೆ ಎಲ್ಲಕ್ಕಿಂತ ಕಷ್ಟ. ಹಗುರಾಗಿ ಹುಟ್ಟಿ, ಇಳಿಯುತ್ತ ಇಳಿಯುತ್ತ ಭಾರವಾಗಿ, ಪಾದದ ಹತ್ತಿರ ಒಂದು ಉಸಿರು ನಿಂತು, ಆಮೇಲೆ ಸೆರಗು ನೆಲಕ್ಕೆ ತಾಕಿ ಸರಿದ ಹಾಗೆ ಬಲಕ್ಕೆ ಎಳೆದು ಮೇಲೇಳಬೇಕು. ಚುಕ್ಕಿಯೂ ಚುಕ್ಕಿಯಲ್ಲ. ತುದಿ ತಾಗಿಸಿ, ಬಲಕ್ಕೆ ಜಾರಿಸಿ, ಒತ್ತಿ, ಒಳಕ್ಕೆ ಮಡಿಸಿ ಎತ್ತಿದರೆ ಆಗುವ ಸಣ್ಣ ಹನಿ.

ಚುಂಗ್‌ನ ಹಳೆಯ ಹಾಳೆಯಲ್ಲಿ ಕೊನೆಗೆ ಕೊಕ್ಕೆ ತಿರುಗಿದ ಗೆರೆ ಇತ್ತು. ರವಿಕೆಯ ಹುಕ್ಕಿನ ಹಾಗೆ ಕಾಣುತ್ತದಲ್ಲ, ಇದನ್ನೂ ಕಲಿಸಿ ಎಂದು ಕಸ್ತೂರಿ ಕೇಳಿದಳು. ಅದು ನಿನಗೆ ಬೇಡ ಎಂದಳು ಮೋಯವ್ವ. ಯಾಕೆ ಬೇಡ? ಕಸ್ತೂರಿ ಕೇಳಲಿಲ್ಲ. ಗುರುವಿನ ಮಾತೆಂದು ಬಿಟ್ಟಳು. ನಾನು ಬಿಡಲಿಲ್ಲ. ಎಲ್ಲ ಕೊಡುವವರು ಒಂದನ್ನು ಮುಚ್ಚಿಟ್ಟರೆ ಅದರ ಹಿಂದೆ ಏನೋ ಇರುತ್ತದೆ.

ಕೈ ಸ್ವಲ್ಪ ಪಳಗಿದ ಮೇಲೆ ಮೋಯವ್ವ ನನ್ನನ್ನು ಕಸ್ತೂರಿಯ ಮನೆಗೇ ಕಳಿಸಿದಳು. ಮಷಿನ್ನಿನ ಖಾನೆಯಲ್ಲಿ, ಬಾಬಿನ್ನು ಗುಂಡಿಗಳ ನಡುವೆ ನನ್ನ ಹೊಸ ಮನೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಅತ್ತೆ ಅಡ್ಡಾದ ಮೇಲೆ, ಸಂಜೆಯ ಗಿರಾಕಿ ಬರುವ ತನಕ ಅವಳು ಬರೆಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಬೆರಳು ಬೇರೆಯಾಗುತ್ತಿತ್ತು. ಬೆಳಗಿನಿಂದ ಅವಳು ಮಾಡುವುದೆಲ್ಲ ಇನ್ನೊಬ್ಬರಿಗೆ ಬೇಕಾದದ್ದು. ಅಡುಗೆ ಮನೆಯವರ ಬಾಯಿಗೆ, ರವಿಕೆ ಊರವರ ಮೈಗೆ. ಈ ಗೆರೆ ಮಾತ್ರ ಯಾರ ಅಳತೆಯದೂ ಅಲ್ಲ, ಯಾರ ಉಪಯೋಗಕ್ಕೂ ಬಾರದು. ಅದಕ್ಕಾಗಿಯೇ ಅದು ಅವಳಿಗೆ ಬೇಕಾಗಿತ್ತು. ಹೀಗೆಂದು ಅವಳು ಯಾರಿಗೂ ಹೇಳಿರಲಿಲ್ಲ. ನನ್ನ ಕತ್ತು ಹಿಸುಕುವುದನ್ನು ಬಿಟ್ಟ ದಿನ ನನಗೆ ತಿಳಿಯಿತು.

ಹಾಳೆಗಳು ಅತ್ತೆ ಬಸಲಿಂಗವ್ವನ ಕಣ್ಣಿಗೆ ಬೀಳಲು ತಡವಾಗಲಿಲ್ಲ. ಕರೀ ಮಸಿ, ಸಾಲುಸಾಲು ಚುಕ್ಕಿ, ಓದಲು ಬಾರದ ಗೆರೆ. ಇದು ಮಾಟವಲ್ಲದೆ ಮತ್ತೇನು ಎಂದಳು. ಹಾಳೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು, ಕೆಮ್ಮು ಬಂದದ್ದೇ ಮಾಟಕ್ಕೆ ಸಾಕ್ಷಿ ಎಂದಳು. ಗಂಡ ಗುರುಸಿದ್ಧ ಅಡತಿ ಅಂಗಡಿಯಲ್ಲಿ ಕೆಲಸ ಮಾಡುವವನು, ತಾಯಿಯಷ್ಟು ಹೆದರುವವನಲ್ಲ. ಅವನ ಅನುಮಾನ ಬೇರೆ. ಹಾಳೆಯೊಂದನ್ನು ಹಿಡಿದು, ಓದಿ ಹೇಳು ಎಂದ. ಇದರಲ್ಲಿ ಓದುವಂಥದ್ದು ಏನೂ ಇಲ್ಲ ಎಂದಳು ಕಸ್ತೂರಿ.

"ಏನೂ ಇಲ್ಲದ್ದನ್ನ ಇಷ್ಟೊಂದು ಯಾಕ್ ಬರೀತಿ?"

ಅವನು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಅಂದಿನಿಂದ ಅವಳು ಬರೆಯುವಾಗ ಬೇಕೆಂದೇ ಹತ್ತಿರ ಸುಳಿದಾಡಿ ಹೋಗುತ್ತಿದ್ದ. ಬಸಲಿಂಗವ್ವ ಕೇಳಿದ್ದು ಇನ್ನೂ ಹರಿತವಾದದ್ದು. "ಆ ಚೀನಿ ಮುದುಕಿ ನಿನ್ನ ಕಡಿಂದ ರೊಕ್ಕಾ ತಗೊಳ್ಳಂಗಿಲ್ಲ, ಕಾಳುಕಡ್ಡಿ ತಗೊಳ್ಳಂಗಿಲ್ಲ. ಪುಕ್ಕಟೆ ಯಾಕ್ ಕಲಸ್ತಾಳಬೇ ಆಕಿ? ಆಕಿಗೆ ನಿನ್ನಿಂದ ಏನೋ ಬೇಕಾಗೇತಿ, ಬರದಿಟ್ಟಕೋ." ಆ ದಿನ ಬಲಗೆರೆಯ ಪಾದದಲ್ಲಿ ಕಸ್ತೂರಿ ನಿಲ್ಲಬೇಕಾದಷ್ಟು ನಿಲ್ಲಲಿಲ್ಲ.

ದಸರಾ ಬಂತು. ಖಂಡೇಪೂಜೆಯ ದಿನ ಮಷಿನ್ನು, ಕತ್ತರಿ, ಟೇಪುಗಳ ಜೊತೆ ನನಗೂ ಕುಂಕುಮ ಹಚ್ಚಿದಳು. ಮರುದಿನ ಬನ್ನಿ ಕೊಡಲು ಮೋಯವ್ವನ ಮನೆಗೆ ಹೋಗಬೇಕು. ಬರಿಗೈಲಿ ಹೋಗಲು ಮನಸ್ಸಾಗಲಿಲ್ಲ. ಮೋಯವ್ವನ ಟ್ರಂಕಿನ ಮುಚ್ಚಳದ ಮೇಲೆ ಚುಂಗ್ ಬರೆದಿದ್ದ ಅವಳ ಹೆಸರನ್ನು ಕಸ್ತೂರಿ ಎಷ್ಟೋ ದಿನದಿಂದ ಕಣ್ಣಲ್ಲೇ ತಿದ್ದಿಕೊಂಡಿದ್ದಳು. ಮೂರು ಅಕ್ಷರ. ಮೊದಲನೆಯದು ಮೂರು ಅಡ್ಡಗೆರೆ, ಒಂದು ನೆಟ್ಟಗೆರೆ. ಎರಡನೆಯದೂ ಅದೇ, ಕೂಡ ಒಂದು ಚುಕ್ಕಿ. ಮೂರನೆಯದರ ಎಡಕ್ಕೆ ಹೆಣ್ಣು ಎಂಬ ಗುರುತು, ಬಲಕ್ಕೆ ಎಡಗೆರೆ ಬಲಗೆರೆ ಎರಡೂ ಇಳಿದ ಒಂದು ಮರ. ತಾನು ಕಲಿತದ್ದೆಲ್ಲ ಇದರಲ್ಲೇ ಇದೆಯಲ್ಲ ಎಂದು ಅವಳಿಗೆ ಹಿಗ್ಗು. ಹಬ್ಬದ ದಿನ ಒಬ್ಬರ ಹೆಸರನ್ನು ಕರಿಯಲ್ಲಿ ಬರೆದು ಕೊಡುತ್ತಾರೆಯೇ? ಮದುವೆ ಕಾಗದದ ಮೂಲೆಗೂ ಕುಂಕುಮ ಮುಟ್ಟಿಸಿಯೇ ಕಳಿಸುವ ಜನ ಅವರು. ಅಂಗಡಿಗೆ ಹೋಗಿ ಕೆಂಪು ಮಸಿಯ ಬಾಟಲಿ ತಂದಳು.

ನನಗೆ ಗೊತ್ತಿತ್ತು. ಚುಂಗ್ ಒಮ್ಮೆಯೂ ಒಬ್ಬರ ಹೆಸರನ್ನು ಕೆಂಪಿನಲ್ಲಿ ಬರೆದವನಲ್ಲ. ಆದರೆ ಲೇಖನಿಗೆ ಮಸಿ ಆರಿಸುವ ಹಕ್ಕು ಎಲ್ಲಿಯದು? ಮೊಂಡು ಹಿಡಿದು ಮಸಿ ಬಿಡದೆ ನಿಂತೆ. ಅವಳು ಕೊಡವಿದಳು. ಮತ್ತೆ ನಿಂತೆ. ಬಿಸಿನೀರಲ್ಲಿ ಅದ್ದಿದಳು. ಕೊನೆಗೆ ಬರೆದೆ. ಕೆಟ್ಟ ಕೆಲಸವಾದರೂ ಹೇಳಬೇಕು, ಅವಳು ಅಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ. ಒಂದು ಗೆರೆಯೂ ಬಾಲ ಎತ್ತಿರಲಿಲ್ಲ.

ಮೋಯವ್ವ ಬನ್ನಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು, ಬಂಗಾರದಂಗ ಇರೋಣ ಎಂದು ಓಣಿಯವರ ಹಾಗೇ ಹೇಳಿದಳು. ಆಮೇಲೆ ಹಾಳೆ ನೋಡಿದಳು. ಅದನ್ನು ಬೋರಲು ಹಾಕಿ ಮೇಲೆ ಅಂಗೈ ಇಟ್ಟಳು. ಇದನ್ನು ಬರೆಯಲು ಯಾರು ಹೇಳಿದರು ಎಂದು ಕೇಳಿದಳು. ಯಾರೂ ಇಲ್ಲ, ನಾನೇ ಬರೆದೆ ಎಂದು ಕಸ್ತೂರಿ ನಕ್ಕಳು. ಮೋಯವ್ವ ನಗಲಿಲ್ಲ.

"ನಾ ಹೋಗೂದನ್ನ ಕಾಯಾಕತ್ತೀಯೇನು?"

ಒಳಗೆ ಹೋದ ಮೋಯವ್ವ ಹೊರಗೆ ಬರಲಿಲ್ಲ.

ಅಲ್ಲಿಂದ ಪಾಠ ನಿಂತಿತು. ಓಣಿಯಲ್ಲಿ ಎದುರಾದರೆ ಮೋಯವ್ವ ದಾರಿ ಬದಲಿಸುತ್ತಿದ್ದಳು. ತಾನು ಏನು ತಪ್ಪು ಮಾಡಿದೆ ಎಂದು ಕಸ್ತೂರಿ ನನ್ನನ್ನು ಕೈಯಲ್ಲಿ ಹಿಡಿದು ಬರೆಯದೇ ಕೂರುತ್ತಿದ್ದಳು. ಗೆರೆ ಯಾವುದಾದರೂ ತಪ್ಪಿತೇ? ಅಂದ ಇರಲಿಲ್ಲವೇ? ಬಸಲಿಂಗವ್ವನಿಗೆ ಎಲ್ಲ ಸ್ಪಷ್ಟವಾಗಿತ್ತು. ಮುದುಕಿ ಕಲಿಸಿದ ಮಾಟವನ್ನು ಸೊಸೆ ಅವಳಿಗೇ ತಿರುಗಿಸಿ ಬಿಟ್ಟಿದ್ದಾಳೆ, ಈಗ ಅವಳು ಹೆದರಿದ್ದಾಳೆ. ಸೊಸೆಯ ಬಗ್ಗೆ ಆಕೆ ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಆಗೊಮ್ಮೆ ಮಾತ್ರ.

ಚಳಿ ಬಿದ್ದ ಮೇಲೆ ಒಂದು ದಿನ ಮೋಯವ್ವನೇ ಹೊಸ್ತಿಲಿಗೆ ಬಂದಳು. ನಾಳೆ ನನ್ನ ಜೊತೆ ಒಂದು ಕಡೆ ಬಾ ಎಂದಷ್ಟೇ ಹೇಳಿ ಹೋದಳು. ಲೇಖನಿ ವಾಪಸು ಕೇಳುತ್ತಾಳೆಂದು ಕಸ್ತೂರಿಗೆ ಅನುಮಾನ. ನನ್ನನ್ನು ಒರೆಸಿ ಪರ್ಸಿನಲ್ಲಿಟ್ಟುಕೊಂಡಳು. ಆಟೋ ಊರಾಚೆಯ ಸ್ಮಶಾನದ ಗೇಟಿನಲ್ಲಿ ನಿಂತಿತು. ಮೋಯವ್ವ ಚೀಲದಿಂದ ಕಿತ್ತಳೆಹಣ್ಣು, ಕಸಬರಿಗೆ, ಹಳೇ ಬಟ್ಟೆ ತೆಗೆದಳು. ಇಬ್ಬರೂ ಸೇರಿ ಕಲ್ಲಿನ ಧೂಳು ಒರೆಸಿದರು. ಧೂಳು ಹೋದಂತೆ ಎರಡು ಹೆಸರು ಮೇಲೆದ್ದವು. ಎಡಗಡೆಯದು ಕಪ್ಪು. ಬಲಗಡೆಯದು ಕೆಂಪು. ಮೂರು ಅಡ್ಡಗೆರೆ, ಒಂದು ನೆಟ್ಟಗೆರೆ.

"ಕಲ್ಲ ಮ್ಯಾಲೆ ಕೆಂಪು ಅಂದ್ರ ಆಕಿ ಇನ್ನೂ ಅದಾಳ, ಗಂಡ ಆಕೀ ಸಲುವಾಗಿ ಕಾಯಾಕತ್ತಾನ ಅಂತ. ಆಕಿ ಹೋದಮ್ಯಾಲೆ ಅದನ್ನ ಕರಿ ಮಾಡಬೇಕು" ಎಂದಳು ಮೋಯವ್ವ. "ಕಾಗದದ ಮ್ಯಾಲೆ ಕೆಂಪು ಅಂದ್ರ, ನೀ ನನ್ನ ಪಾಲಿಗೆ ಸತ್ತಿ ಅಂತ. ನಿನಗ ಗೊತ್ತಿರಲಿಲ್ಲ. ಇದು ನನಗ ತಿಳಿಯೂದಕ್ಕ ಇಷ್ಟು ದಿನ ಹಿಡೀತು."

ಕಸ್ತೂರಿ ತಪ್ಪಾಯಿತೆಂದು ಕಲ್ಲಿನ ಬುಡಕ್ಕೇ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು. ತಲೆ ಎತ್ತಿದಾಗ ಅವಳ ಕಣ್ಣು ಮತ್ತೆ ಆ ಕೆಂಪು ಹೆಸರಿನ ಮೇಲೆ ಹೋಯಿತು. ನಾನು ಪರ್ಸಿನೊಳಗಿದ್ದರೂ ಅವಳ ಬೆರಳು ನನ್ನನ್ನು ಹುಡುಕಿ ಹಿಡಿದದ್ದು ತಿಳಿಯಿತು. ಅಡ್ಡಗೆರೆ, ನೆಟ್ಟಗೆರೆ, ಚುಕ್ಕಿ, ಎಡಗೆರೆ, ಬಲಗೆರೆ. ಕೊಕ್ಕೆ ಇರಲಿಲ್ಲ. ಮೋಯವ್ವ ಕಲಿಸಿದ್ದು ಇಷ್ಟನ್ನೇ. ಈ ಹೆಸರಿಗೆ ಬೇಕಾದಷ್ಟನ್ನೇ.

ಈ ಹೆಸರನ್ನು ಮುಂದೆ ಕಪ್ಪು ಮಾಡುವವರು ಯಾರು ಎಂದು ಅವಳು ಕೇಳಿದಳು. ಮೋಯವ್ವ ಕಲ್ಲಿನ ಸಂದಿಯ ಹುಲ್ಲು ಕೀಳುತ್ತಿದ್ದಳು. ಕೀಳುವುದನ್ನು ನಿಲ್ಲಿಸಲಿಲ್ಲ. ನೋಡೋಣ ಎಂದಳು. ಆಟೋದಲ್ಲಿ ಕೂತ ಮೇಲೆ, ಲೇಖನಿ ನಿನ್ನ ಹತ್ತಿರವೇ ಇರಲಿ, ನಾಳೆಯಿಂದ ಬಾ ಎಂದಳು.

ಮನೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದಕ್ಕೆ ಕಸ್ತೂರಿ ಹುಕ್ಕು, ದಾರ ತರಲು ಎಂದಳು. ಮರುದಿನ ಪಾಠಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮುದುಕಿಗೆ ಏನೋ ಬೇಕಾಗಿದೆ ಎಂದ ಅತ್ತೆಯ ಮಾತು ನಿಜವಾಯಿತಲ್ಲ ಎಂಬುದು ಅವಳನ್ನು ಚುಚ್ಚುತ್ತಿತ್ತು. ಯಾರ ಉಪಯೋಗಕ್ಕೂ ಅಲ್ಲವೆಂದು ಬಚ್ಚಿಟ್ಟುಕೊಂಡಿದ್ದ ಒಂದೇ ಒಂದು ವಸ್ತುವಿಗೂ ಅಳತೆ ಹಿಡಿದಿದ್ದರು. ಅದನ್ನೂ ಅವಳು ಇನ್ನೊಬ್ಬರ ಮೈಗೇ ಹೊಲಿಯುತ್ತಿದ್ದಳು, ಗೊತ್ತಿಲ್ಲದೆ. ಕೇಳಿದ್ದರೆ ಕೊಡುತ್ತಿದ್ದೆನಲ್ಲ, ಕೇಳಬಾರದಿತ್ತೇ ಎಂದು ಒಳಗೊಳಗೇ ಕುದಿದಳು. ಇಬ್ಬರ ಕೈಯನ್ನೂ ಬಲ್ಲವನು ನಾನು. ಮುದಿಕೈ ಅವಳ ಕೈಯ ಮೇಲೆ ಕೂತಾಗ ನಡುಗದೆ ಇದ್ದದ್ದು ಪ್ರೀತಿಯಿಂದಲೋ, ಕೆಲಸವಾಗಬೇಕೆಂಬ ಹಟದಿಂದಲೋ? ನನಗೂ ಇವತ್ತಿನವರೆಗೆ ಬಗೆಹರಿದಿಲ್ಲ. ಕೇಳದೆ ಇದ್ದದ್ದು ಮಾತ್ರ ಅರ್ಥವಾಗುತ್ತದೆ. ಬರಿ ಗೆರೆ ಬರೆದದ್ದಕ್ಕೇ ಹಾಳೆಗಳೆಲ್ಲ ಜಪ್ತಿಯಾಗುವುದನ್ನು ಕಂಡವಳು ಯಾರ ಮುಂದೆ ಬಾಯಿಬಿಟ್ಟು ಏನನ್ನು ಕೇಳಿಯಾಳು?

ಆಮೇಲೊಂದು ಮಧ್ಯಾಹ್ನ ಕಸ್ತೂರಿ ಅರ್ಧ ಹೊಲಿದ ತೋಳನ್ನು ಮಷಿನ್ನಿನ ಪಾದದಡಿಯೇ ಬಿಟ್ಟು ಎದ್ದಳು. ನನ್ನನ್ನು ಬಿಚ್ಚಿ ಬಟ್ಟಲ ನೀರಿನಲ್ಲಿ ಅದ್ದಿದಳು. ನೀರು ಕೆಂಪಾಯಿತು, ಚೆಲ್ಲಿದಳು. ಮತ್ತೆ ಗುಲಾಬಿಯಾಯಿತು, ಚೆಲ್ಲಿದಳು. ತಿಳಿಯಾಗುವ ತನಕ ಬಿಡಲಿಲ್ಲ. ಕರೀ ಮಸಿ ತುಂಬಿ ಒಂದು ಬಲಗೆರೆ ಎಳೆದಳು. ಪಾದದ ಹತ್ತಿರ ಒಂದು ಉಸಿರು ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಬಂದಾಗ ಕೈಯಲ್ಲಿ ಬಣ್ಣದ ಅಂಗಡಿಯ ಪೊಟ್ಟಣವಿತ್ತು: ಅಂಗೈಯಗಲದ ಕರೀ ಎನಾಮಲ್ ಬಣ್ಣದ ಡಬ್ಬಿ, ಸಣ್ಣ ಬ್ರಶ್ಶು. ಇದೇನೆಂದು ಬಸಲಿಂಗವ್ವ ಕೇಳಿದಳು. ಮಷಿನ್ನಿಗೆ ತುಕ್ಕು ಹಿಡಿದಿದೆ ಎಂದಳು. ಬಸಲಿಂಗವ್ವ ಬಂದು ಮಷಿನ್ನನ್ನು ಮುಟ್ಟಿ ಮುಟ್ಟಿ ನೋಡಿದಳು, ತುಕ್ಕು ಸಿಗಲಿಲ್ಲ.

ಮರುದಿನ ಅವಳು ಪಾಠಕ್ಕೆ ಹೋದಳು. ಮೋಯವ್ವ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಣ್ಣ ತಂದದ್ದನ್ನು ಹೇಳಿದ್ದರೆ ಮುದುಕಿಯ ಎದೆ ಹಗುರಾಗುತ್ತಿತ್ತೇನೋ. ಆದರೆ ಹೇಳಿದ ಕ್ಷಣ ಅದು ಪಾಠಕ್ಕೆ ಕೊಟ್ಟ ಕೂಲಿಯಾಗುತ್ತಿತ್ತು. ಕೊಕ್ಕೆ ಗೆರೆ ಕಲಿಸಿ ಎಂದಷ್ಟೇ ಕೇಳಿದಳು. ಮೋಯವ್ವ ಅವಳನ್ನು ಬಹಳ ಹೊತ್ತು ನೋಡಿ, ಕಲಿಸಿದಳು.

ಈಗ ನನಗೆ ವಯಸ್ಸಾಗಿದೆ. ನಿಬ್ಬಿನ ತುದಿ ಅ ಅಕ್ಷರಕ್ಕೂ ಅಲ್ಲ, ಅಡ್ಡಗೆರೆಗೂ ಅಲ್ಲ ಎನ್ನುವಂತೆ ಒಂದು ಕಡೆಗೆ ಸವೆದಿದೆ. ಗುಂಡಿಗಳ ಖಾನೆಯಲ್ಲಿ ಆ ಕರೀ ಬಣ್ಣದ ಡಬ್ಬಿಯ ಪಕ್ಕದಲ್ಲೇ ಮಲಗುತ್ತೇನೆ. ಮೊದಮೊದಲು ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ಕಸ್ತೂರಿ ದಿನಾ ಮಧ್ಯಾಹ್ನ ಖಾನೆ ತೆರೆದು ನನ್ನನ್ನು ಎತ್ತಿಕೊಳ್ಳುವ ಮೊದಲು ಅದರ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸುತ್ತಾಳೆ. ಸೀಲು ಇನ್ನೂ ಒಡೆದಿಲ್ಲ ಎಂದು ನೋಡಿಕೊಂಡು, ಅದರ ಮೇಲೆ ಒಂದು ಬಟ್ಟೆಯ ತುಂಡು ಮುಚ್ಚಿ, ಬರೆಯಲು ಕೂರುತ್ತಾಳೆ.